ತುಪ್ಪ ಬಿಡೋದಾ, ಅನ್ನ ಬಿಡೋದಾ? ಸರ್ಕಾರಿ ತಟ್ಟೆ, ಅರ್ಧ ಅನ್ನ, ಎಲ್‌ಸಿಎಚ್‌ಎಫ್: ಮೂರರಲ್ಲಿ ನಿಮಗೆ ಯಾವುದು

"ಮೊದಲು ತುಪ್ಪ ಮುಟ್ಟಬೇಡಿ ಅಂದ್ರು, ಈಗ ಅನ್ನ ಮುಟ್ಟಬೇಡಿ ಅಂತಾರೆ. ಯಾರ ಮಾತು ಕೇಳೋದು?" ಶುಗರ್ ಇರುವವರ ಮನೆಯಲ್ಲಿ ಈ ಮಾತು ಬಾರದ ದಿನ ಕಡಿಮೆ. ಅವರ ಬೇಸರ ನ್ಯಾಯವಾದದ್ದೇ. ಊಟದ ಬಗ್ಗೆ ಸರ್ಕಾರಗಳು ಕೊಡುವ ಸಲಹೆ ನಿಜವಾಗಿಯೂ ಬದಲಾಗಿದೆ. ಆದರೆ ಏನು ಬದಲಾಯಿತು, ಏನು ಹಾಗೇ ಉಳಿಯಿತು ಅಂತ ಬಿಡಿಸಿ ನೋಡದೆ ಊಟದ ಕ್ರಮವನ್ನೇ ತಲೆಕೆಳಗು ಮಾಡಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಮಾತ್ರೆ ನುಂಗುತ್ತಿರುವವರು ಹಾಗೆ ಮಾಡಿದರೆ ಇನ್ನೂ ಭಯ.

ಇಲ್ಲಿ ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು, ನಮ್ಮ ಸರ್ಕಾರದ ಈಗಿನ ಸಲಹೆಯ ತಟ್ಟೆ. ಎರಡು, ಅನ್ನ, ಮುದ್ದೆ, ಚಪಾತಿಯನ್ನು ಚೆನ್ನಾಗಿ ಇಳಿಸಿ, ಪೂರ್ತಿ ಬಿಡದೆ ಇರುವ ಊಟ. ಮೂರು, ಎಲ್‌ಸಿಎಚ್‌ಎಫ್. ಅಂದರೆ 'ಲೋ ಕಾರ್ಬ್, ಹೈ ಫ್ಯಾಟ್': ಅನ್ನ, ಹಿಟ್ಟು, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್ (ಚಿಕ್ಕದಾಗಿ ಕಾರ್ಬ್) ತೀರಾ ಕಡಿಮೆ, ಕೊಬ್ಬು ಜಾಸ್ತಿ. ಶುಗರ್ ಇರುವ ಅಥವಾ ಶುಗರ್ ಬರುವ ಅಂಚಿನಲ್ಲಿರುವ ಹೆಚ್ಚಿನವರಿಗೆ ಎರಡನೆಯದೇ ಹೊಂದುತ್ತದೆ ಅನ್ನೋದು ನನ್ನ ನಂಬಿಕೆ. ಅದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಲಹೆ ಬದಲಾದ ಕಥೆ

1977ರಲ್ಲಿ ಅಮೆರಿಕದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅವರ ಸಮಿತಿ ದೇಶದ ಜನರ ಊಟಕ್ಕೆ ಗುರಿಗಳನ್ನು ಹಾಕಿಕೊಟ್ಟಿತು. ಹೃದ್ರೋಗ ಆಗ ಅಲ್ಲಿನ ದೊಡ್ಡ ಚಿಂತೆ. ದಿನದ ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲನ್ನು ಶೇ. 30ಕ್ಕೆ ಇಳಿಸಿ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪದಂಥ ಗಟ್ಟಿ ಕೊಬ್ಬು ಶೇ. 10ರಷ್ಟಿರಲಿ, ಕಾರ್ಬೋಹೈಡ್ರೇಟ್ ಶೇ. 55–60ಕ್ಕೆ ಏರಲಿ ಅಂದಿತು. ಸಕ್ಕರೆ ಕಡಿಮೆ ಮಾಡಿ ಅಂತಲೂ ಹೇಳಿತ್ತು. ಆದರೆ ಆ ಮಾತು ಜನರ ಕಿವಿಗೆ ಅಷ್ಟಾಗಿ ಬೀಳಲಿಲ್ಲ.

1980ರಿಂದ ಅಮೆರಿಕ ಸರ್ಕಾರ ಐದು ವರ್ಷಕ್ಕೊಮ್ಮೆ ಈ ಸಲಹೆಯನ್ನು ತಿದ್ದಿ ಹೊರಡಿಸುತ್ತಾ ಬಂತು. 1992ರಲ್ಲಿ ಪಿರಮಿಡ್ ಚಿತ್ರ ಬಂತು. ಅಡಿಯಲ್ಲಿ ಬ್ರೆಡ್, ಅಕ್ಕಿ, ಪಾಸ್ತಾ, ದಿನಕ್ಕೆ 6ರಿಂದ 11 ಪಾಲು. ತುದಿಯಲ್ಲಿ ಎಣ್ಣೆ ಮತ್ತು ಸಿಹಿ, ಎಷ್ಟು ಬೇಕೋ ಅಷ್ಟೇ. ನಮ್ಮ ಶಾಲೆಗಳ ಗೋಡೆಗೂ ಬಂದಿಳಿದ ಚಿತ್ರ ಅದು. ದೊಡ್ಡ ಕೊರತೆ ಇದ್ದದ್ದು ಅದರ ತಳದಲ್ಲೇ. ಮೈದಾ ಬ್ರೆಡ್ಡಿಗೂ ಇಡಿ ಗೋಧಿಗೂ ಅದು ವ್ಯತ್ಯಾಸ ಮಾಡಲಿಲ್ಲ. ಕಡಲೆಕಾಯಿ ಎಣ್ಣೆಯನ್ನೂ ಬೆಣ್ಣೆಯನ್ನೂ ಒಂದೇ ತುದಿಗೆ ತಳ್ಳಿತು. ಅಂಗಡಿಗಳಲ್ಲಿ 'ಲೋ ಫ್ಯಾಟ್' ಅಂತ ಬರೆದ ಬಿಸ್ಕತ್ತು, ಮೊಸರು ತುಂಬಿಕೊಂಡವು. ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ ಬಂತು.

ಆಮೇಲೆ ಪರೀಕ್ಷೆಗಳು ನಡೆದವು. 48,835 ಅಮೆರಿಕನ್ ಮಹಿಳೆಯರನ್ನು ಸುಮಾರು ಎಂಟು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಕೊಬ್ಬು ಕಡಿಮೆ ಮಾಡಿದವರಲ್ಲಿ ಹೃದ್ರೋಗ ಗಮನಿಸುವಷ್ಟು ಇಳಿದಿರಲಿಲ್ಲ. ಇನ್ನೊಂದು ಕಡೆ, ಸ್ಪೇನಿನ 'ಪ್ರೆಡಿಮೆಡ್' ಅಧ್ಯಯನದಲ್ಲಿ ಆಲಿವ್ ಎಣ್ಣೆ ಅಥವಾ ಬಾದಾಮಿ, ಆಕ್ರೋಟಿನಂಥ ಕಾಯಿಗಳನ್ನು ಸೇರಿಸಿ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು ಶೇ. 30ರಷ್ಟು ಕಡಿಮೆ ಕಂಡಿತು. ಇದೆಲ್ಲ ಸೇರಿ ಅಮೆರಿಕದ ಸಲಹೆ ನಿಧಾನಕ್ಕೆ ತಿರುಗಿತು. 2015ರ ಆವೃತ್ತಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಅನ್ನುವ ಮಿತಿ ಹೋಯಿತು. ಮೊಟ್ಟೆ ಕೆಟ್ಟದ್ದರ ಪಟ್ಟಿಯಿಂದ ಹೊರಬಂತು. 2026ರ ಜನವರಿಯಲ್ಲಿ ಬಂದ ಸಲಹೆ ಇನ್ನೂ ಮುಂದೆ ಹೋಗಿ ಪಿರಮಿಡ್ಡನ್ನೇ ತಲೆಕೆಳಗು ಮಾಡಿದೆ. ಪ್ರೋಟೀನ್, ಕೆನೆ ತೆಗೆಯದ ಹಾಲು, ತರಕಾರಿ ಮೇಲಕ್ಕೆ ಹೋಗಿವೆ, ಧಾನ್ಯ ಕೆಳಗಿನ ಚೂಪಿಗೆ ಇಳಿದಿದೆ. ಕೆಲವು ದೀರ್ಘಕಾಲದ ಕಾಯಿಲೆ ಇರುವವರಿಗೆ ಕಾರ್ಬ್ ಕಡಿಮೆ ಮಾಡಿದರೆ ಅನುಕೂಲವಾಗಬಹುದು ಅಂತಲೂ ಅದರಲ್ಲಿದೆ.

ಇಷ್ಟೆಲ್ಲ ಬದಲಾದರೂ ಒಂದು ಅಂಕಿ ಅಲುಗಾಡಿಲ್ಲ. ಸ್ಯಾಚುರೇಟೆಡ್ ಕೊಬ್ಬು ದಿನದ ಕ್ಯಾಲೊರಿಯ ಶೇ. 10 ದಾಟಬಾರದು. 1977ರಲ್ಲಿ ಇದ್ದ ಅಂಕಿಯೇ 2026ರಲ್ಲೂ ಇದೆ. ಸಕ್ಕರೆ ಕಡಿಮೆ ಮಾಡಿ ಅನ್ನೋದೂ ಬದಲಾಗಿಲ್ಲ. "ಈಗ ತುಪ್ಪ ಎಷ್ಟು ಬೇಕಾದರೂ ತಿನ್ನಬಹುದಂತೆ" ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಡಿ. ಯಾವ ಸರ್ಕಾರಿ ಸಲಹೆಯೂ ಹಾಗೆ ಹೇಳಿಲ್ಲ.

ಸ್ವೀಡನ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎಲ್‌ಸಿಎಚ್‌ಎಫ್ ಅನ್ನುವ ಹೆಸರು ಜನಪ್ರಿಯವಾದದ್ದೇ ಅಲ್ಲಿ. ಆನಿಕಾ ಡಾಲ್‌ಕ್ವಿಸ್ಟ್ ಅನ್ನುವ ವೈದ್ಯೆ ತಮ್ಮ ರೋಗಿಗಳಿಗೆ ಈ ಊಟ ಹೇಳುತ್ತಿದ್ದರು. 2005ರಲ್ಲಿ ಅವರ ಮೇಲೆ ದೂರು ಹೋಯಿತು. 2008ರಲ್ಲಿ ಅಲ್ಲಿನ ಆರೋಗ್ಯ ಮಂಡಳಿ, ಅವರ ಸಲಹೆ ವಿಜ್ಞಾನಕ್ಕೆ ವಿರುದ್ಧವಾಗಿಲ್ಲ ಅಂತ ದೂರನ್ನು ಮುಗಿಸಿತು. 2013ರಲ್ಲಿ ಎಸ್‌ಬಿಯು ಅನ್ನುವ ಸರ್ಕಾರಿ ಸಂಸ್ಥೆ ಬೊಜ್ಜಿನ ಚಿಕಿತ್ಸೆಯ ಬಗ್ಗೆ ವರದಿ ಕೊಟ್ಟಿತು. ಮೊದಲ ಆರು ತಿಂಗಳು ಕಾರ್ಬ್ ಕಡಿಮೆ ತಿಂದವರ ತೂಕ ಹೆಚ್ಚು ಇಳಿಯುತ್ತದೆ, ಆಮೇಲೆ ಬೇರೆ ಊಟಗಳಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ ಅನ್ನೋದು ಅದರ ಸಾರ. ಅದೇ ವರದಿ ಲೋಕದ ತುಂಬ "ಸ್ವೀಡನ್ ಕೊಬ್ಬಿನ ಊಟಕ್ಕೆ ಬದಲಾಯಿತು" ಅಂತ ಸುದ್ದಿಯಾಯಿತು. ಇವತ್ತಿಗೂ ಅದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಆದರೆ ಜನರಿಗೆ ಊಟದ ಸಲಹೆ ಕೊಡುವುದು ಅಲ್ಲಿ ಬೇರೆಯದೇ ಇಲಾಖೆ. ಅದು ಎಲ್‌ಸಿಎಚ್‌ಎಫ್ ಅನ್ನು ತನ್ನ ಸಲಹೆಯಾಗಿ ಒಪ್ಪಿಕೊಂಡಿಲ್ಲ. ದಕ್ಷಿಣ ಆಫ್ರಿಕದ ಪ್ರೊಫೆಸರ್ ಟಿಮ್ ನೋಕ್ಸ್ 2017ರಲ್ಲಿ ಇಂಥದೇ ವಿಚಾರಣೆಯಿಂದ ನಿರ್ದೋಷಿಯಾಗಿ ಹೊರಬಂದರು. ಅಲ್ಲೂ ತೀರ್ಮಾನವಾದದ್ದು ಅವರು ತಪ್ಪು ಮಾಡಿದರೋ ಇಲ್ಲವೋ ಅನ್ನೋದು. ಎಲ್ಲರೂ ಹಾಗೆ ತಿನ್ನಿ ಅಂತ ಯಾರೂ ಹೇಳಲಿಲ್ಲ.

ಮೊದಲ ದಾರಿ: ಸರ್ಕಾರಿ ತಟ್ಟೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹೊಸ ಸಲಹೆಗಳನ್ನು ಹೊರಡಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮೀನು, ಮಾಂಸ ಸೇರಿ 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಕಾಯಿಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ, ಹಾಲು ಮೊಸರು 300 ಮಿಲಿ. ಧಾನ್ಯದಿಂದ ಬರುವ ಕ್ಯಾಲೊರಿ ಶೇ. 45 ದಾಟಬಾರದು.

ಓದುವಾಗ ಇದು ನಾವು ತಿನ್ನುವ ಊಟದ ಹಾಗೇ ಕಾಣುತ್ತದೆ. ತೂಗಿ ನೋಡಿದರೆ ಗೊತ್ತಾಗುತ್ತದೆ. 250 ಗ್ರಾಂ ಅಂದರೆ ಬೇಯಿಸುವ ಮುಂಚಿನ ತೂಕ, ಇಡೀ ದಿನಕ್ಕೆ. ಅಕ್ಕಿ, ರಾಗಿ, ಗೋಧಿ, ರವೆ, ಅವಲಕ್ಕಿ, ಶ್ಯಾವಿಗೆ ಎಲ್ಲ ಇದರೊಳಗೇ. ನಮ್ಮ ಮನೆಯಲ್ಲಿ ಒಂದು ಭಾನುವಾರ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟು ನೋಡಿದೆವು. ಒಂದು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ 100 ಗ್ರಾಂ ಹಿಟ್ಟು ಹೋಯಿತು. ಬೆಳಿಗ್ಗೆ ನಾಲ್ಕು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ಅದರ ಮೇಲೆ ಎರಡು ಸೌಟು ಅನ್ನ, ರಾತ್ರಿ ಎರಡು ಚಪಾತಿ, ಮತ್ತೆ ಮೊಸರಿಗೆ ಒಂದಿಷ್ಟು ಅನ್ನ ಅಂದುಕೊಳ್ಳಿ. 350 ಗ್ರಾಂ ದಾಟಿ ಹೋಗುತ್ತದೆ. ಅದೇ ನಾಲ್ಕು ಜನರ ಸಾರಿಗೆ ನಾವು ಹಾಕುವ ಬೇಳೆ ಒಂದು ಹಿಡಿ. ತಲೆಗೆ 85 ಗ್ರಾಂ ಎಲ್ಲಿ, ನಮ್ಮ ತಿಳಿಸಾರು ಎಲ್ಲಿ!

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶುಗರ್ ಬಗ್ಗೆ ನಡೆಸಿದ ಇಂಡಿಯಾಬ್ ಸಮೀಕ್ಷೆಯ 2025ರ ವರದಿಯ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಸರಾಸರಿ ಶೇ. 62 ಬರುವುದು ಕಾರ್ಬೋಹೈಡ್ರೇಟಿನಿಂದ. ಪ್ರೋಟೀನಿನಿಂದ ಬರೀ ಶೇ. 12. ಸರ್ಕಾರಿ ತಟ್ಟೆಯ ಎಲ್ಲ ಸಾಮಾನನ್ನೂ ಕೂಡಿಸಿದರೆ ಕಾರ್ಬ್ ಶೇ. 55ರ ಆಸುಪಾಸಿಗೆ ಬರುತ್ತದೆ. ಅಂದರೆ ಜನ "ಸರ್ಕಾರ ಅನ್ನ ತಿನ್ನು ಅನ್ನುತ್ತೆ" ಅಂತ ಬೈಯುವ ಸಲಹೆಯೇ ನಮ್ಮ ಈಗಿನ ಊಟಕ್ಕಿಂತ ಕಡಿಮೆ ಕಾರ್ಬಿನದು. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಸರ್ಕಾರಿ ತಟ್ಟೆ ವಿಫಲವಾಯಿತು ಅಂತ ತೀರ್ಪು ಕೊಡುವವರಲ್ಲಿ ಬಹಳ ಜನ ಅದನ್ನು ಒಂದು ವಾರವೂ ತಿಂದು ನೋಡಿಲ್ಲ.

ಎಣ್ಣೆಯ ಲೆಕ್ಕ ಸುಲಭ. ತಲೆಗೆ ದಿನಕ್ಕೆ 27 ಗ್ರಾಂ ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್, ತುಪ್ಪವೂ ಸೇರಿ. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ನೋಡಿ.

ಶುಗರ್ ಇಲ್ಲದವರು, ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ಹೊಲಗದ್ದೆಯಲ್ಲಿ ದುಡಿಯುವವರು ಈ ದಾರಿಯಲ್ಲೇ ಇರಲಿ. ದುಡಿಮೆ ಹೆಚ್ಚಿದ್ದರೆ ಅಳತೆಯೂ ಹೆಚ್ಚಬೇಕು.

ಎರಡನೆಯ ದಾರಿ: ಅರ್ಧ ಅನ್ನ

ಧಾನ್ಯವನ್ನು ದಿನಕ್ಕೆ 100ರಿಂದ 150 ಗ್ರಾಂಗೆ ತಂದು, ಖಾಲಿಯಾದ ಜಾಗವನ್ನು ಕಾಳು, ಬೇಳೆ, ಮೊಟ್ಟೆ, ಮೊಸರು, ಮೀನು, ಕಡಲೆಕಾಯಿ, ತರಕಾರಿಯಿಂದ ತುಂಬುವುದು ಈ ದಾರಿ. ಜಾಗ ತುಂಬದೆ ಬರೀ ಅನ್ನ ಇಳಿಸಿದರೆ ಸಂಜೆ ಐದಕ್ಕೆ ಹೊಟ್ಟೆ ಚುರುಗುಟ್ಟಿ ಕೈ ಬೇಕರಿ ಖಾರ, ಬನ್ನಿಗೆ ಹೋಗುತ್ತದೆ. ಈ ದಾರಿ ಕೈಕೊಡುವುದು ಹೆಚ್ಚಾಗಿ ಅಲ್ಲೇ.

ಇಂಡಿಯಾಬ್ ಮಾಹಿತಿಯಲ್ಲಿ ಕ್ಯಾಲೊರಿಯ ಶೇ. 5ರಷ್ಟನ್ನು ಕಾರ್ಬಿನಿಂದ ತೆಗೆದು ಬೇಳೆಕಾಳು ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಕೊಟ್ಟರೆ ಶುಗರ್ ಬರುವ ಸಂಭವ ಕಡಿಮೆಯಾಗುವುದು ಕಂಡಿದೆ. ಅದೇ ವರದಿಯ ಇನ್ನೊಂದು ಮಾತು ನಮ್ಮವರಿಗೆ ಮುಖ್ಯ. ಬಿಳಿ ಅನ್ನ ಬಿಟ್ಟು ಅಷ್ಟೇ ಪ್ರಮಾಣದಲ್ಲಿ ಗೋಧಿ ಅಥವಾ ಸಿರಿಧಾನ್ಯ ತಿಂದರೆ ಆ ಲಾಭ ಕಾಣಲಿಲ್ಲ. ಒಟ್ಟು ಕಾರ್ಬ್ ಇಳಿಯಬೇಕು.

"ನಾನು ಅನ್ನ ಬಿಟ್ಟಿದ್ದೀನಿ, ಬರೀ ಮುದ್ದೆ" ಅನ್ನುವವರಿಗೆ ಇದನ್ನು ಪ್ರೀತಿಯಿಂದಲೇ ಹೇಳಬೇಕು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ ಇದ್ದರೆ, ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು 11 ಗ್ರಾಂ, ಕ್ಯಾಲ್ಸಿಯಂ 364 ಮಿಲಿಗ್ರಾಂ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಒಳ್ಳೆಯ ಧಾನ್ಯ, ಎರಡು ಮಾತಿಲ್ಲ. ಆದರೆ ಎರಡು ದೊಡ್ಡ ಮುದ್ದೆ ಅಂದರೆ 130 ಗ್ರಾಂಗಿಂತ ಹೆಚ್ಚು ಕಾರ್ಬ್. ವೈದ್ಯರು 'ಕಡಿಮೆ ಕಾರ್ಬಿನ ಊಟ' ಅಂತ ಕರೆಯುವ ಊಟದ ಇಡೀ ದಿನದ ಮಿತಿ ಅದು.

ಮುದ್ದೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಅರ್ಧ ಮುದ್ದೆ ತಿನ್ನಿ, ಅದರ ಮೇಲೆ ಅನ್ನ ಬೇಡ. ಸಾರು ತಿಳಿಯಾಗಿರುವ ಬದಲು ಹುರುಳಿಕಾಳು, ಅವರೆಕಾಳು, ಅಲಸಂದೆ ಗಟ್ಟಿಯಾಗಿ ಬೆಂದ ಬಸ್ಸಾರು ಅಥವಾ ಮಸ್ಸೊಪ್ಪು ಇರಲಿ. ಅದೂ ಬಟ್ಟಲು ತುಂಬ. ಪಕ್ಕಕ್ಕೆ ಒಂದು ಮೊಟ್ಟೆ ಅಥವಾ ಗಟ್ಟಿ ಮೊಸರು. ಬೆಳಿಗ್ಗೆ ಇಡ್ಲಿಯ ಬದಲು ಹೆಸರುಕಾಳಿನ ದೋಸೆ, ಚಟ್ನಿಗೆ ಹುರಿಗಡಲೆ ಬದಲು ಕಡಲೆಕಾಯಿ. ಊಟಕ್ಕೆ ಕೂತ ಕೂಡಲೇ ಮೊದಲು ಕೋಸಂಬರಿ, ಪಲ್ಯ. ಕೊನೆಗೆ ಅನ್ನ. ಮನೆಯವರೆಲ್ಲರಿಗೂ ಒಂದೇ ಅಡುಗೆ ಆಗುತ್ತದೆ. ಅಳತೆ ಮಾತ್ರ ಬೇರೆ ಬೇರೆ. ಅಡುಗೆ ಮಾಡುವವರ ಕಷ್ಟವನ್ನು ಲೆಕ್ಕಕ್ಕೆ ಹಿಡಿಯದ ಯಾವ ಡಯಟ್ಟೂ ಮನೆಯಲ್ಲಿ ನಿಲ್ಲೋದಿಲ್ಲ ಅಲ್ವಾ?

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟ ಶುರುಮಾಡಿ ಎರಡು ಗಂಟೆಗೆ ನೋಡಿ. ಒಂದು ದಿನ ಹಳೆಯ ಊಟಕ್ಕೆ, ಇನ್ನೊಂದು ದಿನ ಹೊಸ ಊಟಕ್ಕೆ. ನಿಮ್ಮ ಮೈಗೆ ಎಷ್ಟು ಮುದ್ದೆ ಒಗ್ಗುತ್ತದೆ ಅನ್ನೋದು ಅಲ್ಲೇ ತಿಳಿಯುತ್ತದೆ.

ಮೂರನೆಯ ದಾರಿ: ಎಲ್‌ಸಿಎಚ್‌ಎಫ್

ಕಟ್ಟುನಿಟ್ಟಾದ ರೂಪದಲ್ಲಿ ಇದಕ್ಕೆ ಕೀಟೋ ಅನ್ನುತ್ತಾರೆ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ ಅಷ್ಟೇ. ಕ್ಯಾಲೊರಿಯ ಶೇ. 70 ಕೊಬ್ಬಿನಿಂದ ಬರಬೇಕಾದರೆ, 2000 ಕ್ಯಾಲೊರಿ ತಿನ್ನುವವರಿಗೆ ದಿನಕ್ಕೆ ಸುಮಾರು 155 ಗ್ರಾಂ ಕೊಬ್ಬು ಬೇಕು. ಸರ್ಕಾರಿ ತಟ್ಟೆಯ ಎಣ್ಣೆಯ ಐದು ಪಟ್ಟಿಗಿಂತ ಜಾಸ್ತಿ. ಪನೀರ್, ಮೊಟ್ಟೆ, ಕಾಯಿಬೀಜದ ಒಳಗಿನ ಕೊಬ್ಬನ್ನೂ ಸೇರಿಸಿ ಹೇಳಿದ ಲೆಕ್ಕ ಇದು.

ಇದರಿಂದ ಲಾಭವಿಲ್ಲ ಅಂದರೆ ಸುಳ್ಳಾಗುತ್ತದೆ. ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಇಳಿಯುತ್ತದೆ. ಬಹಳ ಜನರಿಗೆ ಹಸಿವು ಕಡಿಮೆಯಾಗುತ್ತದೆ. ಶುಗರ್ ಹತೋಟಿಗೆ ಒಟ್ಟು ಕಾರ್ಬ್ ಕಡಿಮೆ ಮಾಡುವುದಕ್ಕೇ ಹೆಚ್ಚು ಆಧಾರ ಇದೆ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರಲ್ಲೇ ಒಪ್ಪಿಕೊಂಡಿದೆ. ಮೂರ್ಛೆರೋಗದ ಮಕ್ಕಳಿಗೆ ಕೀಟೋ ಊಟವನ್ನು 1920ರ ದಶಕದಿಂದ ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತಾ ಬಂದಿದ್ದಾರೆ.

ತೂಕದ ಮಾತಿಗೆ ಬಂದರೆ ಅಷ್ಟು ಉಬ್ಬಬೇಕಾಗಿಲ್ಲ. ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನದು ನೀರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ಅವರ ತಂಡ 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿತು. 2018ರಲ್ಲಿ ಫಲಿತಾಂಶ ಬಂತು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೋ ಇಳಿದರು, ಕಾರ್ಬ್ ಕಡಿಮೆ ತಿಂದವರು 6 ಕಿಲೋ. ಗಣನೆಗೆ ಬರುವ ವ್ಯತ್ಯಾಸ ಅಲ್ಲ ಅದು. ಎರಡೂ ಗುಂಪಿಗೆ ಒಂದೇ ಬುನಾದಿ ಹಾಕಿಕೊಟ್ಟಿದ್ದರು: ಸಕ್ಕರೆ ಬಿಡಿ, ಮೈದಾ ಬಿಡಿ, ತರಕಾರಿ ಜಾಸ್ತಿ ಮಾಡಿ, ಆದಷ್ಟು ಮನೆಯಲ್ಲೇ ಬೇಯಿಸಿ. ಕೆಲಸ ಮಾಡಿದ್ದು ಬಹುಪಾಲು ಆ ಬುನಾದಿಯೇ ಅಂತ ನನಗನಿಸುತ್ತದೆ.

ನಮ್ಮಲ್ಲಿ ಸಸ್ಯಾಹಾರಿಗಳಿಗೆ ಈ ದಾರಿ ನಿಜಕ್ಕೂ ಕಷ್ಟ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 55 ಗ್ರಾಂ ಕಾರ್ಬ್ ಇದೆ. ಕಟ್ಟುನಿಟ್ಟಾದ ಕೀಟೋದಲ್ಲಿ ಬೇಳೆಗೂ ಜಾಗ ಇಲ್ಲ. ಬೇಳೆ, ಕಾಳು ಎರಡೂ ಹೋದ ಮೇಲೆ ಉಳಿಯುವುದು ಪನೀರ್, ಮೊಸರು, ಸೋಯಾ, ಕಡಲೆಕಾಯಿ. ಕರಾವಳಿಯಲ್ಲಿ ದಿನಾ ಮೀನು ತಿನ್ನುವವರಿಗೆ, ಮೊಟ್ಟೆ ಕೋಳಿ ತಿನ್ನುವವರಿಗೆ ಇದು ಸುಲಭ. ಖರ್ಚಂತೂ ಎಲ್ಲರಿಗೂ ಏರುತ್ತದೆ.

ಇನ್ನು ಕೊಬ್ಬು ಯಾವುದು ಅನ್ನುವ ಪ್ರಶ್ನೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಶೇ. 90, ತುಪ್ಪದಲ್ಲಿ ಶೇ. 60ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಅವೆರಡನ್ನೇ ನೆಚ್ಚಿಕೊಂಡು 155 ಗ್ರಾಂ ಮುಟ್ಟಿದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಏರುವುದು ಬಹಳ ಜನರಲ್ಲಿ ಕಾಣುತ್ತದೆ, ಕೆಲವರಲ್ಲಂತೂ ವಿಪರೀತ ಏರುತ್ತದೆ. ನಮ್ಮ ಕಡೆಯವರಿಗೆ ಹೃದಯಾಘಾತ ಚಿಕ್ಕ ವಯಸ್ಸಿಗೇ ಬರುತ್ತಿರುವಾಗ ಇದನ್ನು "ಪರವಾಗಿಲ್ಲ" ಅಂತ ಬಿಡುವ ಹಾಗಿಲ್ಲ. ಈ ದಾರಿ ಹಿಡಿಯುವವರು ಕಡಲೆಕಾಯಿ, ಎಳ್ಳು, ಬಾದಾಮಿ, ಮೀನಿನ ಕೊಬ್ಬಿಗೆ ಒತ್ತು ಕೊಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೆಯ ದಾರಿ. ಅದನ್ನು ಯಾರೂ ಸಲಹೆ ಕೊಟ್ಟಿಲ್ಲ, ಆದರೂ ಬಹಳ ಜನ ಅದರಲ್ಲಿ ನಡೆಯುತ್ತಿದ್ದಾರೆ. ಕೊಬ್ಬು ಒಳ್ಳೆಯದಂತೆ ಅಂತ ಕೇಳಿ ಎರಡು ಚಮಚ ತುಪ್ಪ ಹೆಚ್ಚು ಮಾಡುತ್ತಾರೆ, ಅನ್ನ ಮಾತ್ರ ಮೊದಲಿನಷ್ಟೇ. ಇದು ಎಲ್‌ಸಿಎಚ್‌ಎಫ್ ಕೂಡ ಅಲ್ಲ, ಸರ್ಕಾರಿ ತಟ್ಟೆಯೂ ಅಲ್ಲ. ಎರಡರ ನಷ್ಟವೂ ಒಟ್ಟಿಗೇ ಬರುತ್ತದೆ.

ಮಾತ್ರೆ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳು ಈಗ ಶುಗರ್‌ಗೂ ಹೃದಯಕ್ಕೂ ಬಹಳ ಬಳಕೆಯಲ್ಲಿವೆ. ಇವನ್ನು ನುಂಗುತ್ತಾ ಕಾರ್ಬ್ ತೀರಾ ಇಳಿಸಿದರೆ ರಕ್ತ ಆಮ್ಲವಾಗುವ ಕೀಟೋಆಸಿಡೋಸಿಸ್ ಆಗಬಹುದು. ಗ್ಲುಕೋಮೀಟರಿನಲ್ಲಿ ಶುಗರ್ ಹೆಚ್ಚುಕಡಿಮೆ ಸರಿಯಾಗೇ ಕಾಣಿಸುತ್ತಿರುವಾಗಲೂ ಇದು ಆಗುತ್ತದೆ. ಅದಕ್ಕೇ ಅಪಾಯ ಜಾಸ್ತಿ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಅನ್ನವನ್ನು ಅರ್ಧ ಮಾಡಿದರೂ ಶುಗರ್ ಲೋ ಆಗಬಹುದು, ಎರಡನೆಯ ದಾರಿಯಲ್ಲೂ. ಬಿಪಿ ಮಾತ್ರೆ ನುಂಗುವವರಿಗೆ ತಲೆಸುತ್ತು ಬರಬಹುದು. ಟೈಪ್ 1 ಶುಗರ್, ಕಿಡ್ನಿ ತೊಂದರೆ ಇರುವವರು, ಬಸುರಿಯರು, ಹಾಲುಣಿಸುವ ತಾಯಂದಿರು ಮೂರನೆಯ ದಾರಿಗೆ ತಾವಾಗಿ ಇಳಿಯಲೇಬಾರದು.

ರಿಪೋರ್ಟ್ ನೋಡಿ ಆರಿಸಿ

ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ), ಈ ಮೂರು ರಕ್ತಪರೀಕ್ಷೆ ಮಾಡಿಸಿ. ಸೊಂಟದ ಸುತ್ತಳತೆ ಟೇಪಿನಲ್ಲಿ ಅಳೆಯಿರಿ.

ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಇದ್ದು, ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಸರ್ಕಾರಿ ತಟ್ಟೆ ಸಾಕು. 5.7ರಿಂದ 6.4ರ ನಡುವೆ ಇದ್ದರೆ, ಅಥವಾ ಟ್ರೈಗ್ಲಿಸರೈಡ್ 150 ದಾಟಿ ಹೊಟ್ಟೆ ಮುಂದೆ ಬಂದಿದ್ದರೆ, ಅರ್ಧ ಅನ್ನದಿಂದ ಹೆಚ್ಚು ಲಾಭ ಕಾಣುವವರು ನೀವೇ. 6.5 ಮತ್ತು ಅದಕ್ಕಿಂತ ಮೇಲಿದ್ದು ಶುಗರ್ ಇತ್ತೀಚೆಗೆ ಶುರುವಾಗಿದ್ದರೆ, ಅರ್ಧ ಅನ್ನದಿಂದ ಆರಂಭಿಸಿ. ಇನ್ನೂ ಇಳಿಸಬೇಕು ಅನಿಸಿದರೆ ವೈದ್ಯರ ಜೊತೆ ಮಾತಾಡಿಕೊಂಡು ಮೂರನೆಯ ದಾರಿಯ ಕಡೆಗೆ ಒಂದೊಂದೇ ಹೆಜ್ಜೆ ಇಡಬಹುದು. ಎಲ್‌ಡಿಎಲ್ ಈಗಾಗಲೇ ಜಾಸ್ತಿ ಇದ್ದರೆ, ಅಥವಾ ಅಪ್ಪನಿಗೋ ಅಣ್ಣನಿಗೋ ಐವತ್ತರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಎಲ್‌ಸಿಎಚ್‌ಎಫ್ ಬೇಡ. ಕಾರ್ಬ್ ಇಳಿಸಿ, ಆ ಜಾಗಕ್ಕೆ ತುಪ್ಪ ತರಬೇಡಿ, ಕಾಳು ತನ್ನಿ.

ಯಾವುದನ್ನೇ ಹಿಡಿದರೂ ಮೂರು ತಿಂಗಳು ಕೊಡಿ. ಎಚ್‌ಬಿಎ1ಸಿ ತೋರಿಸುವುದು ಸುಮಾರು ಅಷ್ಟೇ ಅವಧಿಯ ಸರಾಸರಿಯನ್ನು. ಕೊಬ್ಬು ಹೆಚ್ಚು ಮಾಡಿದವರು ಲಿಪಿಡ್ ಪರೀಕ್ಷೆಗೆ ಅಷ್ಟು ದಿನ ಕಾಯದೆ ಎರಡು ತಿಂಗಳಿಗೇ ಮಾಡಿಸಿ. ವೈದ್ಯರ ಹತ್ತಿರ ಹೋಗುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. "ಡಯಟ್ ಮಾಡ್ಲಾ ಡಾಕ್ಟ್ರೇ" ಅಂತ ಕೇಳಿದರೆ "ಮಾಡಿ" ಅಂದು ಮುಗಿಸಿಬಿಡುತ್ತಾರೆ. "ಎರಡು ಮುದ್ದೆ ತಿಂತಿದ್ದೆ, ನಾಳೆಯಿಂದ ಅರ್ಧ ತಿಂತೀನಿ. ಇದರಲ್ಲಿ ಯಾವ ಮಾತ್ರೆ ಕಡಿಮೆ ಮಾಡಬೇಕು?" ಅಂತ ಕೇಳಿ.